ಹೈಟಿಗೆ ಅಂತ ಕೊಟ್ಟ ದುಡ್ಡು ಎಲ್ಲಿಗೆ ಹೋಯ್ತು?

ಹಳೇಫೈಲು
ಮನೆ ಬದಲಾಯಿಸ್ತಾ ಇದೀವಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ರಸೀದಿ ಸಿಕ್ತು, ಜನವರಿ 2010ರದ್ದು, 740 ರೂಪಾಯಿ. ಆಗ ನಂಗೆ ಮೊದಲ ಕೆಲಸ. ಹೈಟಿಯಲ್ಲಿ ಭೂಕಂಪ ಆಗಿದೆ ಅಂತ ಆಫೀಸಿನಲ್ಲಿ ಎಲ್ಲರ ಹತ್ರ ಒಂದು ದಿನದ ಸಂಬಳ ಎತ್ತಿದ್ರು. ನಿಜ ಹೇಳ್ಬೇಕಂದ್ರೆ ಆವತ್ತು ನಾನು ಕೆರಿಬಿಯನ್ ಸಮುದ್ರದ ಹೈಟಿ, ಪೆಸಿಫಿಕ್ಕಿನ ತಾಹಿತಿ ಎರಡೂ ಒಂದೇ ಅಂದ್ಕೊಂಡಿದ್ದೆ.

2026ರ ಜನವರಿ 12ಕ್ಕೆ 16 ವರ್ಷ. ರಸೀದಿ ಸಿಕ್ಕಿದ ನೆಪಕ್ಕೆ ಸುದ್ದಿ ಹುಡುಕಿ ಓದಿದೆ. ರಾಜಧಾನಿ ಪೋರ್ಟ್-ಒ-ಪ್ರಿನ್ಸ್ ಹೆಚ್ಚುಕಮ್ಮಿ ಪೂರ್ತಿ ಗ್ಯಾಂಗುಗಳ ಕೈಯಲ್ಲಿದೆ. ಮನೆ ಬಿಟ್ಟು ಓಡಿದವರು 13 ಲಕ್ಷ ಮೀರಿದ್ದಾರೆ. ಭೂಕಂಪದಲ್ಲಿ ಮನೆ ಕಳ್ಕೊಂಡವರು ಸುಮಾರು 15 ಲಕ್ಷ ಇದ್ರು. ಅಂದ್ರೆ ಹೊರಟಲ್ಲಿಗೇ ಬಂದು ನಿಂತ ಹಾಗಾಯ್ತಲ್ಲ? ನನ್ನ 740 ಬಿಡಿ, ಪ್ರಪಂಚ ಸುರಿದ ಆ ಕೋಟಿಗಳೆಲ್ಲ ಎಲ್ಲಿ ಹೋದ್ವು? ಕೆಲವು ದೇಶಗಳು ಎಷ್ಟು ಕೊಟ್ರೂ ಉದ್ಧಾರ ಆಗಲ್ಲ ಅನ್ನೋದು ನಿಜಾನಾ? ಗೊತ್ತಿರೋರು ಹೇಳಿ.

ತಲೆಹರಟೆ
ನಿಮ್ಮ 740 ರೂಪಾಯಿ ಯಾರೋ ಸಲಹೆಗಾರರ ಏರ್‌ಪೋರ್ಟ್ ಕಾಫಿಗೆ ಹೋಗಿರತ್ತೆ ಸಾರ್. ಅದೂ ಬೈ ಟೂ.

ಕಾರ್ಕಳದವ
ಇದರಲ್ಲಿ ತಲೆ ಕೆಡಿಸಿಕೊಳ್ಳಲಿಕ್ಕೆ ಏನುಂಟು ಮಾರಾಯ್ರೆ? ಅಲ್ಲಿನ ಸರ್ಕಾರ ತಿಂದಿತು, ಅಷ್ಟೆ.

ಲೆಕ್ಕಪತ್ರ
@ಕಾರ್ಕಳದವ ತಿನ್ನೋಕೆ ಮೊದಲು ಎಲೆಗೆ ಬಡಿಸಿರಬೇಕಲ್ವಾ? 2010ರಲ್ಲಿ ತುರ್ತು ಪರಿಹಾರ ಅಂತ ಹೋದ ಹಣದಲ್ಲಿ ಹೈಟಿ ಸರ್ಕಾರದ ಕೈಗೆ ಸಿಕ್ಕಿದ್ದು ನೂರಕ್ಕೆ ಒಂದು ಪಾಲು. ಇದು ಯಾರೋ ಟೀಕಾಕಾರರ ಲೆಕ್ಕ ಅಲ್ಲ, ವಿಶ್ವಸಂಸ್ಥೆಯ ವಿಶೇಷ ದೂತರ ಕಚೇರಿಯದ್ದು. ಆ ದೂತ ಸಾಕ್ಷಾತ್ ಬಿಲ್ ಕ್ಲಿಂಟನ್. ಮಿಕ್ಕಿದ್ದೆಲ್ಲ ದಾನಿ ದೇಶಗಳ ಸ್ವಂತ ಇಲಾಖೆಗಳು, ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ದೊಡ್ಡ ಎನ್‌ಜಿಒಗಳು, ಅವುಗಳ ಗುತ್ತಿಗೆದಾರರು, ಹೀಗೆ ಹಂಚಿಹೋಯ್ತು. ಕೊಟ್ಟವರ ಜೇಬಿನ ಎಡಗಡೆಯಿಂದ ಬಲಗಡೆಗೆ.

ಅಮೆರಿಕನ್ ರೆಡ್‌ಕ್ರಾಸ್ ಹೈಟಿ ಹೆಸರಲ್ಲಿ ಎತ್ತಿದ್ದು ಸುಮಾರು 50 ಕೋಟಿ ಡಾಲರ್. 2015ರಲ್ಲಿ ಪ್ರೊಪಬ್ಲಿಕಾ ಮತ್ತು ಎನ್‌ಪಿಆರ್ ಪತ್ರಕರ್ತರು ಹೋಗಿ ಎಣಿಸಿದಾಗ ಅದು ಕಟ್ಟಿದ ಕಾಯಂ ಮನೆ ಸಿಕ್ಕಿದ್ದು 6. ಅರು ಲಕ್ಷ ಅಲ್ಲ, ಆರು ಸಾವಿರ ಅಲ್ಲ, ಆರು. ಸಂಸ್ಥೆ ಒಪ್ಪಲಿಲ್ಲ ಅನ್ನೋದನ್ನೂ ಹೇಳ್ಬೇಕು. ತಾತ್ಕಾಲಿಕ ಶೆಡ್ಡು, ಬಾಡಿಗೆ ನೆರವು, ರಿಪೇರಿ ಎಲ್ಲ ಸೇರಿಸಿದ್ರೆ ಲಕ್ಷಕ್ಕೂ ಹೆಚ್ಚು ಜನಕ್ಕೆ ಸೂರು ಕೊಟ್ಟಿದ್ದೀವಿ ಅಂತ ಅವರ ವಾದ.

ತಲೆಹರಟೆ
"ಅರು ಲಕ್ಷ" ಅಲ್ಲ, "ಆರು ಲಕ್ಷ". ಲೆಕ್ಕಪತ್ರದವರೇ ಅಂಕಿ ತಪ್ಪು ಬರೆದ್ರೆ ಹೆಂಗೆ?

ಲೆಕ್ಕಪತ್ರ
ಬೆರಳು ದಪ್ಪ, ಮೊಬೈಲು ಚಿಕ್ಕದು. ಕ್ಷಮಿಸಿ.

ಕಾರ್ಕಳದವ
ಸರಿ, ಭೂಕಂಪದ ದುಡ್ಡು ಸರ್ಕಾರಕ್ಕೆ ಸಿಗಲಿಲ್ಲ. ಆದರೆ ಸಿಕ್ಕಿದ್ದನ್ನು ಏನು ಮಾಡಿದರು? ವೆನೆಜುವೆಲಾ ಪೆಟ್ರೊಕರಿಬೆ ಅಂತ ಸಾಲದ ಮೇಲೆ ಎಣ್ಣೆ ಕೊಟ್ಟಿತ್ತು. ಈಗ ಸ್ವಲ್ಪ ಕೊಡಿ, ಉಳಿದದ್ದು ವರ್ಷಾನುಗಟ್ಟಲೆ ಕಡಿಮೆ ಬಡ್ಡಿಗೆ ಕಟ್ಟಿ, ಆ ಉಳಿತಾಯದಲ್ಲಿ ರಸ್ತೆ, ಆಸ್ಪತ್ರೆ ಮಾಡಿ ಅಂತ. ಸುಮಾರು 200 ಕೋಟಿ ಡಾಲರು. ರಸ್ತೆಯೂ ಇಲ್ಲ, ಆಸ್ಪತ್ರೆಯೂ ಇಲ್ಲ. ಅವರದೇ ಲೆಕ್ಕ ಪರಿಶೋಧನಾ ನ್ಯಾಯಾಲಯ ವರದಿ ಕೊಟ್ಟದ್ದುಂಟು. ಅದನ್ನೂ ಬಿಳಿಯರ ತಲೆಗೆ ಕಟ್ಟುತ್ತೀರಾ?

ಮೇಷ್ಟ್ರುಮಗಳು
ಒಪ್ತೀನಿ ಅಣ್ಣ. ಆದ್ರೆ ಆ ಪ್ರಶ್ನೆ ಎತ್ತಿದವರೂ ಹೈಟಿಯವರೇ. 2018ರ ಆಗಸ್ಟಿನಲ್ಲಿ ಒಬ್ಬರು ಕಣ್ಣಿಗೆ ಬಟ್ಟೆ ಕಟ್ಕೊಂಡು, ರಟ್ಟಿನ ಮೇಲೆ "ಪೆಟ್ರೊಕರಿಬೆ ದುಡ್ಡು ಎಲ್ಲಿ?" ಅಂತ ಬರೆದು ಹಿಡ್ಕೊಂಡು ಫೋಟೋ ಹಾಕಿದ್ರು. ಅದನ್ನ ನೋಡಿ ಊರೂರಲ್ಲಿ ಜನ ಅದೇ ರಟ್ಟು ಹಿಡ್ಕೊಂಡು ಬೀದಿಗೆ ಬಂದ್ರು. @ಹಳೇಫೈಲು ನೀವು ಇಲ್ಲಿ ಕೇಳಿದ ಪ್ರಶ್ನೆ ಇದೆಯಲ್ಲ, ಪದಕ್ಕೆ ಪದ ಅದೇ. ಅವರು ಕೇಳಿದ್ದಕ್ಕೆ ಅಶ್ರುವಾಯು ಸಿಕ್ತು, ಅಷ್ಟೇ ವ್ಯತ್ಯಾಸ.

ಸಿವಿಲ್‌ಸೀನ
ದುಡ್ಡಿನ ಜಗಳ ನೀವು ಆಡ್ಕೊಳ್ಳಿ. ನಾನು ಕಾಂಕ್ರೀಟಿನ ಮಾತು ಹೇಳ್ತೀನಿ, ಇಪ್ಪತ್ತು ವರ್ಷದಿಂದ ಅದರಲ್ಲೇ ಅನ್ನ ತಿಂತಿರೋದು.

2010ರ ಜನವರಿ 12, ಸಂಜೆ 4:53. ತೀವ್ರತೆ 7.0. ಕೇಂದ್ರ ಲಿಯೋಗಾನ್ ಪಟ್ಟಣದ ಹತ್ರ, ರಾಜಧಾನಿಯಿಂದ 25 ಕಿಲೋಮೀಟರ್. ಸತ್ತವರು 1 ಲಕ್ಷದಿಂದ 3 ಲಕ್ಷದ ಮೇಲೆ ಅಂತ ಬೇರೆ ಬೇರೆ ಅಂದಾಜು. ಅದೇ ವರ್ಷ ಫೆಬ್ರವರಿ 27ಕ್ಕೆ ಚಿಲಿಯಲ್ಲಿ 8.8 ಆಯ್ತು, ಶಕ್ತಿ ಲೆಕ್ಕ ಹಾಕಿದ್ರೆ 500 ಪಟ್ಟು ದೊಡ್ಡದು. ಅಲ್ಲಿ ಸತ್ತವರು ಐನೂರು ಚಿಲ್ಲರೆ.

ಹೈಟಿಯ ಮನೆ ಫೋಟೋಗಳನ್ನ ಒಂದು ತರಬೇತಿಯಲ್ಲಿ ತೋರಿಸಿದ್ರು. ಮೋಲ್ಡು ಹಾಗೇ ಇದೆ, ಒಂದು ಬಿರುಕಿಲ್ಲ, ಆದ್ರೆ ನೆಲದ ಮೇಲೆ ಚಪ್ಪಟೆ ಕೂತಿದೆ. ನಾಲ್ಕು ಮಹಡಿ ಕಟ್ಟಡ ದೋಸೆ ಒಂದರ ಮೇಲೊಂದು ಪೇರಿಸಿದ ಹಾಗೆ. ಪಿಲ್ಲರು ಕೈ ಗಾತ್ರ, ಒಳಗೆ ನಯವಾದ ಕಂಬಿ, ಏಣು ಇರೋದಲ್ಲ, ಸಿಮೆಂಟು ಕಚ್ಚಿ ಹಿಡಿಯೋದೇ ಇಲ್ಲ. ಕಂಬಿಗಳನ್ನ ಸುತ್ತಿ ಹಿಡಿಯೋ ರಿಂಗುಗಳು ಅಡಿಗೊಂದು. ಬ್ಲಾಕು ಕೈಯಲ್ಲಿ ಉಜ್ಜಿದ್ರೆ ಪುಡಿ, ಸಿಮೆಂಟು ಉಳಿಸಿ ಮಣ್ಣಿನಂಥ ಸುಣ್ಣಕಲ್ಲಿನ ಮರಳು ಹಾಕಿ ಬಿಸಿಲಲ್ಲಿ ನೀರುಣಿಸದೆ ಒಣಗಿಸಿದ್ದು. ಜಾರಿಯಲ್ಲಿ ಕಟ್ಟಡ ನಿಯಮ ಅಂತ ಒಂದೂ ಇರಲಿಲ್ಲ.

ಇಷ್ಟು ಭಾರದ ಮೋಲ್ಡು ಯಾಕೆ ಹಾಕಿದ್ರು ಅಂದ್ರೆ ದಡ್ಡತನಕ್ಕಲ್ಲ. ಪ್ರತಿ ವರ್ಷ ಚಂಡಮಾರುತ ಬರೋ ಊರು, ತಗಡು ಹಾಕಿದ್ರೆ ಹಾರಿಹೋಗತ್ತೆ. ಗಾಳಿಗೆ ಹೆದರಿ ತಲೆ ಮೇಲೆ ಕಲ್ಲು ಹೊತ್ಕೊಂಡ್ರು, ನೆಲ ಅಲುಗಾಡಿದಾಗ ಅದೇ ಬಿತ್ತು. ನೂರು ವರ್ಷ ಹಳೇ ಮರದ ಚೌಕಟ್ಟಿನ ಮನೆಗಳು, ಜಿಂಜರ್‌ಬ್ರೆಡ್ ಮನೆ ಅಂತಾರಲ್ಲಿ, ಅವು ಬಹುಪಾಲು ನಿಂತ್ವು.

ನೆಲಶಾಸ್ತ್ರ
ಸೀನಣ್ಣ, ಚಿಲಿ ಹೋಲಿಕೆ ಪೂರ್ತಿ ನ್ಯಾಯ ಅಲ್ಲ. ಚಿಲಿಯದ್ದು ಸಮುದ್ರದ ಕಡೆ, ಆಳದಲ್ಲಿ ಆಗಿದ್ದು. ಹೈಟಿಯದ್ದು ಬರೀ 13 ಕಿಲೋಮೀಟರ್ ಆಳ, ಪಕ್ಕದಲ್ಲೇ ಲಕ್ಷಾಂತರ ಜನ ಒತ್ತೊತ್ತಾಗಿ ಇರೋ ನಗರ. 2021ರ ಆಗಸ್ಟ್ 14ಕ್ಕೆ ಅದೇ ಹೈಟಿಯಲ್ಲಿ 7.2 ಆಯ್ತು, 2010ಕ್ಕಿಂತ ಜೋರು, ಸತ್ತವರು ಸುಮಾರು 2,200. ಕಟ್ಟಡ ಸುಧಾರಿಸಿತ್ತು ಅಂತಲ್ಲ, ದಕ್ಷಿಣದ ಪರ್ಯಾಯ ದ್ವೀಪದಲ್ಲಿ ಜನಸಂದಣಿ ಕಮ್ಮಿ.

ಸಿವಿಲ್‌ಸೀನ
ಸರಿ, ಒಪ್ಪಿದೆ. ಆದ್ರೆ ರಿಂಗು ಅಡಿಗೊಂದು ಹಾಕಿದ್ದು ಒಪ್ಪಲ್ಲ.

ಅವ್ವನಕೈರೊಟ್ಟಿ
ಅಲ್ರೀ, ನನ್ನ ಡೌಟು ಬ್ಯಾರೆ. ಭೂಕಂಪ ಆಗೂಕಿಂತ ಮೊದಲು ಸೈತ ಆ ದೇಶ ಬಡವ ಇತ್ತಲ್ರೀ? ಅದು ಯಾಕ? ಅದನ್ನ ಯಾರೂ ಹೇಳವಲ್ರಿ.

ಮೇಷ್ಟ್ರುಮಗಳು
ಚುಟುಕಾಗಿ ಹೇಳೋಕೆ ನೋಡ್ತೀನಿ. ಫ್ರಾನ್ಸಿಗೆ ಸಕ್ಕರೆ, ಕಾಫಿ ಸುರೀತಿದ್ದ ವಸಾಹತು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು 1791ರಲ್ಲಿ ದಂಗೆ ಎದ್ದು, ನೆಪೋಲಿಯನ್ ಸೈನ್ಯವನ್ನ ಸೋಲಿಸಿ, 1804ರ ಜನವರಿ 1ಕ್ಕೆ ಸ್ವತಂತ್ರರಾದ್ರು. ಗುಲಾಮರೇ ಗೆದ್ದು ಕಟ್ಟಿದ ದೇಶ ಅದೊಂದೇ.

1825ರಲ್ಲಿ ಫ್ರಾನ್ಸಿನ ಹತ್ತನೇ ಚಾರ್ಲ್ಸ್ ಯುದ್ಧನೌಕೆ ಕಳಿಸಿ 15 ಕೋಟಿ ಫ್ರಾಂಕ್ ಕೇಳಿದ. ನಮ್ಮ ತೋಟದ ಮಾಲೀಕರು ಕಳ್ಕೊಂಡ ಆಸ್ತಿಗೆ ಪರಿಹಾರ ಕಟ್ಟಿ, ಆಮೇಲೆ ನಿಮ್ಮನ್ನ ದೇಶ ಅಂತ ಒಪ್ಕೋತೀವಿ ಅಂತ. ಆ "ಆಸ್ತಿ"ಯಲ್ಲಿ ಏನೇನು ಸೇರಿತ್ತು ಗೊತ್ತಾ? ಇವರೇ. ತಮ್ಮ ಮೈಗೆ ತಾವೇ ಬೆಲೆ ಕಟ್ಟಿದ್ರು. ಮೊದಲ ಕಂತಿಗೆ ಕೈಯಲ್ಲಿ ಕಾಸಿಲ್ಲ, ಪ್ಯಾರಿಸಿನ ಬ್ಯಾಂಕಿನವರ ಹತ್ರವೇ 3 ಕೋಟಿ ಸಾಲ, ಅದರಲ್ಲಿ 60 ಲಕ್ಷ ಮುರ್ಕೊಂಡು ಕೊಟ್ರು. 1838ರಲ್ಲಿ ಒಟ್ಟು ಮೊತ್ತ 9 ಕೋಟಿಗೆ ಇಳೀತು. ಇದರ ಬೆನ್ನಿಗೆ ಅಂಟಿದ ಸಾಲ ತೀರಿದ್ದು 1947ಕ್ಕೆ.

ನಡುವೆ 1915ರಿಂದ 1934ರವರೆಗೆ ಅಮೆರಿಕದ ಸೇನೆ. ಅದಕ್ಕೂ ಮೊದಲು 1914ರ ಡಿಸೆಂಬರಿನಲ್ಲಿ ಅಮೆರಿಕದ ನೌಕಾಸೈನಿಕರು ಹೈಟಿಯ ಬ್ಯಾಂಕಿಗೆ ನಡ್ಕೊಂಡು ಹೋಗಿ 5 ಲಕ್ಷ ಡಾಲರಿನ ಚಿನ್ನ ಎತ್ಕೊಂಡು ನ್ಯೂಯಾರ್ಕಿಗೆ ಸಾಗಿಸಿದ್ರು. ಆಮೇಲೆ 1957ರಿಂದ 1986ರವರೆಗೆ ಡುವಾಲಿಯೇ ಅಪ್ಪ-ಮಗನ ಸರ್ವಾಧಿಕಾರ.

ಅವ್ವನಕೈರೊಟ್ಟಿ
ಅಯ್ಯ ಶಿವನ. ಬಿಡುಗಡಿ ಆದ ಮ್ಯಾಲೂ ಧಣೀಗೆ ಬಡ್ಡಿ ಕಟ್ಟಿದಂಗಾತಲ್ರೀ.

ಗಡಿಯಾಚೆ
ಬೇಜಾರು ಮಾಡ್ಕೋಬೇಡಿ, ಆದ್ರೆ 200 ವರ್ಷದ ಕಥೆ ಇನ್ನೂ ಎಷ್ಟು ದಿನ? ಅದೇ ದ್ವೀಪದ ಇನ್ನೊಂದು ಅರ್ಧ ಡೊಮಿನಿಕನ್ ರಿಪಬ್ಲಿಕ್. ಅಲ್ಲೂ ಚಂಡಮಾರುತ, ಅಲ್ಲೂ ಸರ್ವಾಧಿಕಾರಿ ಟ್ರುಹಿಯೊ, ಅಲ್ಲೂ ಅಮೆರಿಕದ ಸೇನೆ ಬಂದಿತ್ತು. ಇವತ್ತು ರೆಸಾರ್ಟು, ಮೆಟ್ರೋ ರೈಲು. ಗೂಗಲ್ ಮ್ಯಾಪಲ್ಲಿ ಗಡಿ ನೋಡಿ, ಎಷ್ಟೋ ಕಡೆ ಆಚೆ ಹಸಿರು, ಈಚೆ ಬೋಳು. 2004ರ ಸೆಪ್ಟೆಂಬರಿನಲ್ಲಿ ಜೀನ್ ಚಂಡಮಾರುತದ ಮಳೆಗೆ ಗೊನಾಯಿವ್ ಪಟ್ಟಣ ಮತ್ತು ಸುತ್ತಮುತ್ತ 3,000 ಜನ ಸತ್ರು, ಬರೀ ಮಳೆಗೆ. ಗುಡ್ಡದಲ್ಲಿ ಮರ ಇದ್ದಿದ್ರೆ ಹಾಗಾಗ್ತಿತ್ತಾ? ಮರ ಕಡಿದವರು ಚಾರ್ಲ್ಸ್ ಅಲ್ಲ.

ಬಯಲುಸೀಮೆ
ಮರ ಕಡಿದ್ರು, ಯಾಕಂದ್ರೆ ಇದ್ದಿಲು ಬಿಟ್ರೆ ಒಲೆಗೆ ಬೇರೆ ಏನೂ ಇಲ್ಲ, ಮಾರೋಕೂ ಬೇರೆ ಏನೂ ಉಳಿದಿಲ್ಲ. ನಾನು ರೈತ, ರೈತನ ಕಡೆಯಿಂದ ಎರಡು ವಿಷಯ ಹೇಳ್ತೀನಿ.

ಹಂದಿ. ಹೈಟಿಯಲ್ಲಿ ಕಪ್ಪು ನಾಟಿ ಹಂದಿ ಇತ್ತು. ಸಿಕ್ಕಿದ್ದು ತಿಂದು ಬೆಳೆಯೋದು, ಖರ್ಚಿಲ್ಲ. ನಮ್ಮಲ್ಲಿ ಜೂನ್ ಬಂತು ಅಂದ್ರೆ ಮಕ್ಕಳ ಫೀಜಿಗೆ ಆಡು ಹೊಡ್ಕೊಂಡು ಸಂತೆಗೆ ಹೋಗಲ್ವಾ, ಅಲ್ಲಿ ಆ ಕೆಲಸ ಹಂದೀದು. 1980ರ ಸುಮಾರಿಗೆ ಆಫ್ರಿಕನ್ ಹಂದಿಜ್ವರ ಬಂತು. ಅಮೆರಿಕಕ್ಕೂ ಹಬ್ಬತ್ತೆ ಅನ್ನೋ ಭಯಕ್ಕೆ ಇಡೀ ದೇಶದ ಹಂದಿ ಕೊಂದ್ರು. ಬದಲಿಗೆ ಅಯೋವಾದಿಂದ ಬಿಳಿ ಹಂದಿ ಕೊಟ್ರು. ಅದಕ್ಕೆ ಸಿಮೆಂಟು ನೆಲ ಬೇಕು, ಶುದ್ಧ ನೀರು ಬೇಕು, ಅಂಗಡಿ ಮೇವು ಬೇಕು. ಜನ ಅದಕ್ಕೆ "ನಾಲ್ಕು ಕಾಲಿನ ರಾಜಕುಮಾರ" ಅಂತ ಹೆಸರಿಟ್ರು. ಸಾಕೋನ ಮನೆಗೇ ಇಲ್ಲ ಸಿಮೆಂಟು ನೆಲ.

ಅಕ್ಕಿ. 1995ರಲ್ಲಿ ಆಮದು ಅಕ್ಕಿ ಮೇಲಿನ ಸುಂಕ 3 ಪರ್ಸೆಂಟಿಗೆ ಇಳಿಸಿದ್ರು. ಸಬ್ಸಿಡಿ ತಿಂದು ಬೆಳೆದ ಅಮೆರಿಕದ ಅಕ್ಕಿ ಹಡಗಿನಲ್ಲಿ ಬಂದು ಬಿತ್ತು. ಆರ್ಟಿಬೊನೀಟ್ ಕಣಿವೆಯ ಭತ್ತದವರು ಕೆಟ್ರು, ಗದ್ದೆ ಬಿಟ್ಟು ಪೋರ್ಟ್-ಒ-ಪ್ರಿನ್ಸ್ ಸೇರಿದ್ರು. ಸೀನಣ್ಣ ಹೇಳಿದ ಆ ಪುಡಿ ಬ್ಲಾಕಿನ ಮನೆಗಳಿಗೆ ಹೋಗಿ ಕೂತೋರಲ್ಲಿ ಇಂಥವರೂ ಇದ್ರು. ಇದು ನನ್ನಿಂದಾದ ತಪ್ಪು, ನಮ್ಮ ಅರ್ಕಾನ್ಸಾ ರೈತರಿಗೆ ಲಾಭ ಆಗಿರಬಹುದು ಅಂತ, ಸುಂಕ ಇಳಿಸಿದಾಗ ಅಮೆರಿಕದ ಅಧ್ಯಕ್ಷರಾಗಿದ್ದ ಕ್ಲಿಂಟನ್ ಅವರೇ 2010ರ ಮಾರ್ಚಿನಲ್ಲಿ ಸೆನೆಟ್ ಸಮಿತಿ ಮುಂದೆ ಒಪ್ಕೊಂಡ್ರು. ಎಲ್ಲ ಮುಗಿದ ಮೇಲೆ.

ಗಡಿಯಾಚೆ
ಇದು ಗೊತ್ತಿರಲಿಲ್ಲ. ಹಂದಿ ವಿಷಯ ಕೇಳಿ ಹೊಟ್ಟೆ ಉರೀತು. ಆದ್ರೂ ಡೊಮಿನಿಕನ್ ಪ್ರಶ್ನೆಗೆ ಪೂರ್ತಿ ಉತ್ತರ ಬಂದಿಲ್ಲ.

ಮೇಷ್ಟ್ರುಮಗಳು
ಒಪ್ಪಿದೆ, ಒಂದೇ ಕಾರಣಕ್ಕೆ ಕಟ್ಟಿಹಾಕೋಕಾಗಲ್ಲ. ಆದ್ರೆ ಟ್ರುಹಿಯೊ ಹೆಸರು ತಂದಿರಿ, 1937ರಲ್ಲಿ ಅವನ ಆಜ್ಞೆ ಮೇಲೆ ಗಡಿಯಲ್ಲಿ ಸಾವಿರಾರು ಹೈಟಿಯನ್ನರನ್ನ ಕೊಚ್ಚಿ ಹಾಕಿದ್ರು ಅನ್ನೋದನ್ನೂ ಸೇರಿಸ್ಕೊಳ್ಳಿ. ಅಲ್ಲಿ ಹರಿಯೋ ಹೊಳೆಗೆ ಇವತ್ತಿಗೂ ಮಸಾಕರ್ ಹೊಳೆ, ಅಂದ್ರೆ ನರಮೇಧದ ಹೊಳೆ ಅಂತಲೇ ಹೆಸರು.

ನೆಲಶಾಸ್ತ್ರ
ಸಣ್ಣ ತಿದ್ದುಪಡಿ. ಆ ಹೆಸರು 1937ಕ್ಕಿಂತ ಹಳೇದು, 18ನೇ ಶತಮಾನದಲ್ಲಿ ಸ್ಪೇನಿನವರು ಫ್ರೆಂಚ್ ಕಡಲುಗಳ್ಳರನ್ನ ಕೊಂದಿದ್ದಕ್ಕೆ ಬಂದದ್ದು.

ತಲೆಹರಟೆ
ಹೊಳೆಗೆ ಒಂದೇ ಹೆಸರು, ಕೊಲೆ ಎರಡು ಸಲ. ಹೊಸ ಬೋರ್ಡಿನ ಖರ್ಚು ಉಳೀತು.

ನಿವೃತ್ತಬೂಟು
ಇಲ್ಲಿ ಯಾರೂ ಕಾಲರಾ ಎತ್ತಲಿಲ್ಲ. ನಾನು 2011ರಲ್ಲಿ ವಿಶ್ವಸಂಸ್ಥೆಯ ಪೊಲೀಸ್ ತುಕಡಿಯಲ್ಲಿ ಅಲ್ಲಿದ್ದೆ. ನಮ್ಮ ದೇಶದಿಂದ ತುಂಬಾ ಜನ ಹೋಗಿದ್ವಿ.

ಭೂಕಂಪ ಆಗಿ ಹತ್ತು ತಿಂಗಳಿಗೆ, 2010ರ ಅಕ್ಟೋಬರಿನಲ್ಲಿ ಕಾಲರಾ ಶುರುವಾಯ್ತು. ನೂರು ವರ್ಷದಲ್ಲಿ ಆ ದೇಶದಲ್ಲಿ ಕಾಲರಾ ದಾಖಲಾಗೇ ಇರಲಿಲ್ಲ. ಮಿರ್ಬಲೆ ಹತ್ರ ನೇಪಾಳದ ಶಾಂತಿಪಾಲಕರ ಶಿಬಿರದ ಕಕ್ಕಸಿನ ನೀರು ಮೆಯ್ ಅನ್ನೋ ತೊರೆಗೆ ಸೇರಿ, ಅಲ್ಲಿಂದ ಆರ್ಟಿಬೊನೀಟ್ ನದಿಗೆ ಹೋಯ್ತು. ಜನ ಕುಡಿಯೋದು, ತೊಳೆಯೋದು ಅದೇ ನೀರು. 8 ಲಕ್ಷ ಜನಕ್ಕೆ ತಗುಲಿತು, ಹತ್ತಿರ ಹತ್ತಿರ 10,000 ಜನ ಸತ್ರು. ವಿಶ್ವಸಂಸ್ಥೆ ವರ್ಷಗಟ್ಟಲೆ ನಮಗೆ ಸಂಬಂಧ ಇಲ್ಲ ಅಂತು. ಆಗಿನ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ. ನಾವು ನೀಲಿ ಟೋಪಿ ಹಾಕ್ಕೊಂಡು ಹೊರಟ್ರೆ ಹುಡುಗರು ಕೂಗೋರು, "ಕೊಲೆರಾ, ಕೊಲೆರಾ" ಅಂತ. ನಾನೂ ನೇಪಾಳಿ ಥರ ಕಾಣ್ತಿದ್ನೋ ಏನೋ. ತಲೆ ತಗ್ಗಿಸ್ಕೊಂಡು ಹೋಗ್ತಿದ್ದೆ.

ಇನ್ನೊಂದು ನೆನಪು. ಕುಸಿದ ಅಧ್ಯಕ್ಷರ ಅರಮನೆ ಎದುರಿನ ಶಾಂ ದೆ ಮಾರ್ಸ್ ಮೈದಾನ ತುಂಬಾ ಟಾರ್ಪಾಲು. ಬೆಳಿಗ್ಗೆ ಆರಕ್ಕೆ ಗಸ್ತು. ಒಂದು ಟಾರ್ಪಾಲಿನ ಹೊರಗೆ ಒಬ್ಬ ಹೆಂಗಸು ಇದ್ದಿಲು ಇಸ್ತ್ರಿಪೆಟ್ಟಿಗೆಯಲ್ಲಿ ಮಗಳ ಯೂನಿಫಾರ್ಮಿಗೆ ಮಡಿಕೆ ಹಾಕ್ತಿದ್ಳು. ಒಂದೊಂದು ಮಡಿಕೆಗೂ ಬಾಯಲ್ಲಿ ನೀರು ಚಿಮುಕಿಸಿ. ಮಗಳು ಒಳಲಂಗದಲ್ಲಿ ಕಾಯ್ತಾ ನಿಂತಿತ್ತು, ಜಡೆಗೆ ಆಗಲೇ ಬಟ್ಟೆಗೆ ಒಪ್ಪೋ ರಿಬ್ಬನ್ನು. ಸುತ್ತ ಕೆಸರು. ಆ ಮಗು ಒಂದು ಹನಿ ಕೆಸರು ಸಿಡಿಸ್ಕೊಳ್ಳದೆ ಕಲ್ಲಿಂದ ಕಲ್ಲಿಗೆ ಹಾರ್ಕೊಂಡು ರಸ್ತೆ ಸೇರ್ತು.

ಹಳೇಫೈಲು
@ನಿವೃತ್ತಬೂಟು ಸಾರ್, ಇದನ್ನ ಓದಿ ಸುಮ್ಮನೆ ಕೂತೆ. "ಉದ್ಧಾರ ಆಗಲ್ಲ" ಅಂದಿದ್ದು ವಾಪಸ್ ತಗೋತೀನಿ.

ಕಾರ್ಕಳದವ
ಭಾವನೆ ಬೇರೆ, ಲೆಕ್ಕ ಬೇರೆ. ಈಗಿನ ಗ್ಯಾಂಗು ಯಾರದ್ದು? ಅದನ್ನೂ ಚಾರ್ಲ್ಸ್ ಸಾಕಿದ್ದಾ?

ಮಯಾಮಿಮಲ್ಲಿಗೆ
ಗ್ಯಾಂಗು ಅವರದ್ದೇ, ಬೆನ್ನಿಗೆ ಅಲ್ಲಿನ ರಾಜಕಾರಣಿಗಳು, ಶ್ರೀಮಂತರು. ಬಂದೂಕು ನಾನಿರೋ ಅಮೆರಿಕದ ಮಯಾಮಿ ಕಡೆಯಿಂದ ಹೋಗೋದು. ಹೈಟಿಯಲ್ಲಿ ಬಂದೂಕಿನ ಕಾರ್ಖಾನೆ ಇಲ್ಲ. ಬಹುತೇಕ ಫ್ಲಾರಿಡಾದಲ್ಲಿ ಕೊಂಡು, ಹಳೇ ಬಟ್ಟೆ, ಸಾಮಾನಿನ ಡಬ್ಬಗಳ ನಡುವೆ ಹಡಗಿಗೆ ಹಾಕ್ತಾರೆ. 2021ರ ಜುಲೈ 7ಕ್ಕೆ ಅಧ್ಯಕ್ಷ ಜೊವೆನೆಲ್ ಮೊಯೀಸ್ ಅವರನ್ನ ಮಲಗೋ ಕೋಣೆಯಲ್ಲೇ ಕೊಂದ ಮೇಲೆ ಹಿಡಿಯೋರೇ ಇಲ್ಲದ ಹಾಗಾಯ್ತು.

ನಾನು ವೃದ್ಧಾಶ್ರಮವೊಂದರಲ್ಲಿ ಕೆಲಸ ಮಾಡ್ತೀನಿ, ಜೊತೆಯವರಲ್ಲಿ ಅರ್ಧ ಜನ ಹೈಟಿಯವರು. ನನ್ನ ಪಾಳಿಯ ಅಕ್ಕ ಒಬ್ಬರಿದ್ದಾರೆ, ಅರವತ್ತರ ಹತ್ರ. ಭೂಕಂಪಕ್ಕೆ ಅವರು "ಭೂಕಂಪ" ಅನ್ನೋದೇ ಇಲ್ಲ. ಅವರ ಭಾಷೆ ಕ್ರಿಯೋಲಿನಲ್ಲಿ ಅದರ ಹೆಸರು "ಗುಡುಗುಡು". ನೆಲದೊಳಗಿಂದ ಬಂದ ಸದ್ದೇ ಹೆಸರಾಗಿದೆ. ನಾನು ನಮ್ಮಲ್ಲೂ ಅದೇ ಪದ ಅಂದಾಗ ಅವರು ನಂಬಲಿಲ್ಲ. ಅಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿ ಹೇಳಿಸಿದೆ.

ಪ್ರತಿ ಶುಕ್ರವಾರ ಸಂಬಳ ಆದ ಕೂಡಲೇ ಆ ಅಕ್ಕ ದುಡ್ಡು ಕಳಿಸೋ ಅಂಗಡಿ ಸಾಲಿನಲ್ಲಿ. ತಂಗಿ, ತಂಗಿ ಮಕ್ಕಳು, ಸತ್ತ ಅಣ್ಣನ ಹೆಂಡತಿ. ಹಳೇಫೈಲು ಅವರ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ: ಆ ದೇಶದ ಒಟ್ಟು ಆದಾಯದಲ್ಲಿ ಐದನೇ ಒಂದು ಪಾಲು ಹೀಗೆ ಹೊರಗಿದ್ದವರು ಕಳಿಸೋ ದುಡ್ಡು. ಎಲ್ಲಿ ಹೋಯ್ತು ಅಂತ ಕೇಳೋ ಹಾಗೇ ಇಲ್ಲ, ರಾತ್ರಿ ತಂಗಿ ವಾಟ್ಸ್ಯಾಪಿನಲ್ಲಿ ಅಕ್ಕಿ ಮೂಟೆ ಫೋಟೋ ಹಾಕ್ತಾಳೆ.

ತಲೆಹರಟೆ
ಅಕ್ಕಿ ಅಮೆರಿಕದ್ದೇ ಇರತ್ತೆ.

ಮಯಾಮಿಮಲ್ಲಿಗೆ
ಹೌದು. ಅದಕ್ಕೆ ಅಲ್ಲಿ "ಮಯಾಮಿ ಅಕ್ಕಿ" ಅಂತಲೇ ಕರೆಯೋದು.

ಚೆಂಡುಹುಚ್ಚ
ವಿಷಯಾಂತರಕ್ಕೆ ಕ್ಷಮೆ ಇರಲಿ, ಆದ್ರೆ ಹೈಟಿ 2026ರ ಫುಟ್ಬಾಲ್ ವಿಶ್ವಕಪ್ಪಿಗೆ ಬಂದಿದೆ ಗುರು! 2025ರ ನವೆಂಬರ್ 18ಕ್ಕೆ ನಿಕರಾಗುವಾ ಮೇಲೆ 2-0. ಗ್ಯಾಂಗು ಕಾಟಕ್ಕೆ ಒಂದು ಪಂದ್ಯಾನೂ ಸ್ವಂತ ನೆಲದಲ್ಲಿ ಆಡಿಲ್ಲ, ಕೊನೇ ಸುತ್ತಿನ ತವರು ಪಂದ್ಯಗಳು ಕ್ಯುರಸಾವ್ ದ್ವೀಪದಲ್ಲಿ. ಕೋಚ್ ಆ ದೇಶಕ್ಕೆ ಕಾಲೇ ಇಟ್ಟಿರಲಿಲ್ಲ. ಹಿಂದೆ ಬಂದಿದ್ದು 1974ರಲ್ಲಿ, ಆವಾಗ ಇಟಲಿಯ ಗೋಲ್‌ಕೀಪರ್ ಡಿನೊ ಜೊಫ್ 1,142 ನಿಮಿಷ ಗೋಲು ಬಿಟ್ಟಿರಲಿಲ್ಲ, ಬಿಡಿಸಿದ್ದು ಹೈಟಿಯ ಇಮಾನ್ಯುಯೆಲ್ ಸನೋನ್.

ಮೇಷ್ಟ್ರುಮಗಳು
ನವೆಂಬರ್ 18 ಅಂದ್ರೆ 1803ರಲ್ಲಿ ವೆರ್ಟಿಯೇರ್‌ನಲ್ಲಿ ಫ್ರೆಂಚರನ್ನ ಕೊನೇ ಸಲ ಸೋಲಿಸಿದ ದಿನ. ಅದೇ ತಾರೀಖು!

ಗಡಿಯಾಚೆ
ಪಂದ್ಯ ಅಮೆರಿಕದಲ್ಲಿ, ಹೈಟಿಯವರಿಗೆ 2025ರ ಜೂನಿಂದ ಅಮೆರಿಕಕ್ಕೆ ಪ್ರವೇಶ ನಿಷೇಧ. ಆಟಗಾರರಿಗೆ ವಿನಾಯ್ತಿ, ನೋಡೋರಿಗಿಲ್ಲ.

ಬಯಲುಸೀಮೆ
ನೆಟ್ಟಗಾಗಿದ್ದೂ ಒಂದು ಹೇಳ್ತೀನಿ. ಮೇಲೆ ಹೊಳೆ ಹೆಸರಿಗೆ ಜಗಳ ಆಡಿದ್ರಲ್ಲ, ಅದೇ ಮಸಾಕರ್ ಹೊಳೆ. ಉತ್ತರದ ವನಾಮೆಂತ್ ಪಟ್ಟಣದವರು ಗದ್ದೆಗೆ ನೀರು ತಿರುಗಿಸೋಕೆ ಕಾಲುವೆ ತೋಡ್ತಿದ್ರು. ಅಧ್ಯಕ್ಷರ ಕೊಲೆ ಆದ ಮೇಲೆ ಕೆಲಸ ನಿಂತಿತ್ತು. 2023ರಲ್ಲಿ ಊರವರೇ ಮತ್ತೆ ಗುದ್ದಲಿ ಹಿಡಿದ್ರು. ಡೊಮಿನಿಕನ್ ಸರ್ಕಾರ ಸಿಟ್ಟಾಗಿ ಸೆಪ್ಟೆಂಬರ್ 15ಕ್ಕೆ ಇಡೀ ಗಡಿ ಮುಚ್ಚಿತು. ಇವರು ನಿಲ್ಲಿಸಲಿಲ್ಲ. "ಕಾಲುವೆ ನಿಲ್ಲಲ್ಲ" ಅನ್ನೋದೇ ಘೋಷಣೆ. ಒಬ್ಬ ಸಿಮೆಂಟು ತಂದ, ಇನ್ನೊಬ್ಬಳು ಅನ್ನದ ಕೊಪ್ಪರಿಗೆ ಇಟ್ಳು, ಹೊರದೇಶದಲ್ಲಿದ್ದೋರು ದುಡ್ಡು ಹಾಕಿದ್ರು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಅನ್ನೋ ಪದ್ಧತಿಗೆ ಅಲ್ಲಿ ಕೊಂಬಿತ್ ಅಂತಾರೆ. ನಮ್ಮ ಮುಯ್ಯಾಳು ಪದ್ಧತಿನೇ.

ಕಾರ್ಕಳದವ
ಇದು ಚೆನ್ನಾಗಿತ್ತು. ಒಂದು ಕಾಲುವೆಯಿಂದ ದೇಶ ಬದಲಾಗುವುದಿಲ್ಲ, ಆದರೂ ಚೆನ್ನಾಗಿತ್ತು.

ಹಳೇಫೈಲು
ಎಲ್ಲರಿಗೂ ಧನ್ಯವಾದ. ಇನ್ನೊಂದು 740 ಕೊಡಬೇಕು ಅನ್ಸಿದ್ರೆ ಯಾರಿಗೆ ಕೊಡೋದು?

ಲೆಕ್ಕಪತ್ರ
ಸಂಸ್ಥೆ ಹೆಸರು ನಾನು ಹೇಳಲ್ಲ, ಆಮೇಲೆ ನನ್ನನ್ನೇ ಹಿಡೀತೀರಾ. ಒಂದು ನೋಡ್ಕೊಳ್ಳಿ: ಸಂಬಳ ತಗೊಳ್ಳೋರಲ್ಲಿ ಹೈಟಿಯವರು ಎಷ್ಟು ಜನ, ಭೂಕಂಪಕ್ಕೆ ಮುಂಚೆಯಿಂದ ಅಲ್ಲಿದ್ದಾರಾ ಅಂತ.

ಮಯಾಮಿಮಲ್ಲಿಗೆ
ಆ ಅಕ್ಕನಿಗೆ ಈ ಚರ್ಚೆ ಓದಿ ಹೇಳಿದೆ. 740 ರೂಪಾಯಿ ಅಂದ್ರೆ ಎಷ್ಟು ಅಂದ್ರು. ಆವತ್ತಿಗೆ 16 ಡಾಲರ್ ಅಂದೆ. "ಆ ಹುಡುಗನಿಗೆ ಹೇಳು, ನಂಗೆ ಬಂದು ಮುಟ್ಟಿಲ್ಲ" ಅಂತ ನಕ್ರು. ಆಮೇಲೆ, ಜನವರಿ 1ಕ್ಕೆ ಸೂಪ್ ಜೂಮು ಮಾಡಿ ನನಗೂ ಕೊಟ್ಟಿದ್ರು. ಕುಂಬಳಕಾಯಿ ಸೂಪು. ಫ್ರೆಂಚ್ ಧಣಿಗಳ ಕಾಲದಲ್ಲಿ ಗುಲಾಮರು ಬೇಯಿಸ್ಬೇಕು, ಕುಡಿಯೋ ಹಾಗಿಲ್ಲ. ಸ್ವಾತಂತ್ರ್ಯ ಬಂದ ದಿನದಿಂದ ಪ್ರತಿ ವರ್ಷ ಅವತ್ತು ಎಲ್ಲರ ಮನೇಲೂ ಅದೇ.

ಅವ್ವನಕೈರೊಟ್ಟಿ
ಅಕ್ಕಾರ, ಅದು ಸಿಹಿಗುಂಬಳೋ ಬೂದುಗುಂಬಳೋ? ಮಾಡೂದು ಹ್ಯಾಂಗ ಹೇಳ್ರಲಾ.

ಮಯಾಮಿಮಲ್ಲಿಗೆ
ಸಿಹಿಗುಂಬಳ. ಬೇಯಿಸಿ ರುಬ್ಬಿ, ಎಲೆಕೋಸು, ಕ್ಯಾರೆಟ್ಟು, ಆಲೂಗಡ್ಡೆ, ಶಾವಿಗೆ ಥರದ ಪಾಸ್ತಾ, ಖಾರದ ಮೆಣಸಿನಕಾಯಿ. ಅವರು ದನದ ಮಾಂಸ ಹಾಕ್ತಾರೆ. ನಾನು ಮನೇಲಿ ಮಾಂಸ ಬಿಟ್ಟು ಮಾಡಿ, ಒಗ್ಗರಣೆ ಕೊಟ್ಟು ಡಬ್ಬೀಲಿ ಒಯ್ದೆ. ಒಂದು ಚಮಚ ಬಾಯಿಗಿಟ್ಟು ಡಬ್ಬಿ ಮುಚ್ಚಳ ಹಾಕಿದ್ರು. "ಚೆನ್ನಾಗಿದೆ, ಆದ್ರೆ ಇದಕ್ಕೆ ನೀವು ಬೇರೆ ಹೆಸರಿಟ್ಕೊಳ್ಳಿ" ಅಂದ್ರು.